ಪಿಸ್ತಾ ಅಂಕಲ್, ನಿಮ್ಮ ಹಳೆಯ ಮೈದಾನದಿಂದ

ನನ್ನ ಪ್ರೀತಿಯ ಪಿಸ್ತಾ ಅಂಕಲ್,

ಹಂಗೇರಿಯಲ್ಲಿ ಇಷ್ಟ್ವಾನ್ ಎಂಬ ಹೆಸರಿನವರನ್ನು ಮುದ್ದಿನಿಂದ ಪಿಶ್ಟಾ ಎನ್ನುತ್ತಾರೆಂದು ಮೊದಲ ದಿನವೇ ಹೇಳಿದ್ದಿರಿ. ನನ್ನ ಧಾರವಾಡದ ಕಿವಿಗೆ ಅದು ಪಿಸ್ತಾ ಎಂದೇ ಕೇಳಿಸಿತು. ಮರುವಾರ ಪಿಸ್ತಾ ಬರ್ಫಿ ತಂದು ಅರ್ಥ ಹೇಳಿದಾಗ ಎಷ್ಟು ನಕ್ಕಿರಿ! ಅಂದಿನಿಂದ ಇಡೀ ತಂಡಕ್ಕೆ ನೀವು ಪಿಸ್ತಾ ಅಂಕಲ್.

ಸಿಡ್ನಿಯ ಒಲಿಂಪಿಕ್ಸ್ ಮುಗಿದ ಮರುವರ್ಷ ಅದು. ಓದು ಮುಗಿಸಿ, ಇಲ್ಲೇ ನೆಲೆಸಲು ಬೇಕಾದ ಪಿಆರ್‌ಗೆ ಕಾಯುತ್ತಿದ್ದ ನಾನು ಒಂದು ಸಂಜೆ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಪಾರ್ಕಿನಲ್ಲಿ ನಡೆಯುತ್ತಿದ್ದೆ. ನೀವು ಕಲಿಸುತ್ತಿದ್ದ ಹೆಂಗಸರ ಫುಟ್‌ಬಾಲ್ ತಂಡದ ಚೆಂಡು ಉರುಳಿ ಬಂತು, ಒದ್ದು ಕಳಿಸಿದೆ. ನೀವು ಕುಂಟುತ್ತ ಬಂದು, ಎಲ್ಲಿ ಆಡಿದ್ದೀಯ ಎಂದು ಕೇಳಿದಿರಿ. ಕಾಲೇಜಿನಲ್ಲಿ ಖೋ-ಖೋ ಆಡಿದ್ದೇನಷ್ಟೇ ಎಂದೆ. ಅದೇನೆಂದು ಓಡಿ ತೋರಿಸಿದ ಮೇಲೆ ಇಡೀ ತಂಡವನ್ನು ಸಾಲಾಗಿ ಕೂರಿಸಿ ನನ್ನಿಂದಲೇ ಖೋ-ಖೋ ಹೇಳಿಕೊಡಿಸಿದಿರಿ, ನನ್ನನ್ನೂ ತಂಡಕ್ಕೆ ಸೇರಿಸಿಕೊಂಡಿರಿ. ಫೋನಿನಲ್ಲಿ ಅವ್ವ ಕೇಳಿದ್ದಳು, “ಓದಾಕ ಹೋದಾಕಿ ಚೆಂಡು ಒದಿಯಾಕತ್ತೀಯೇನು?” ನನಗೆ ನಗು ಬಂತು.

ನಿಮ್ಮ ಕಥೆ ನನಗೆ ಸಿಕ್ಕಿದ್ದು ಟೂರ್ನಮೆಂಟಿಗೆಂದು ಮೆಲ್ಬರ್ನ್‌ಗೆ ಕಾರಿನಲ್ಲಿ ಹೊರಟ ದಿನ. ಬುಡಾಪೆಸ್ಟಿನ ಹೊರವಲಯದ ಟೈರ್ ಕಾರ್ಖಾನೆ, ಅಲ್ಲಿನ ತಂಡ, ಹರೆಯದಲ್ಲೇ ಸ್ಟ್ರೈಕರ್ ಆದ ನೀವು. ಮೊಣಕಾಲು ಮುರಿದಾಗ ಅಲ್ಲಿನ ಡಾಕ್ಟರು ಆಟ ಮುಗಿಯಿತು ಎಂದರಂತೆ. ನೀವು ಮೆಲ್ಬರ್ನ್‌ಗೆ ಬಂದು, ಹಂಗೇರಿಯವರೇ ಕಟ್ಟಿಕೊಂಡ ಕ್ಲಬ್ಬಿಗೆ ಮತ್ತೆ ಗೋಲು ಹೊಡೆದಿರಿ. ಆಮೇಲೆ ಅಲ್ಲೇ ಕೋಚ್ ಆದಿರಿ, ಕಪ್ಪನ್ನೂ ಗೆದ್ದುಕೊಟ್ಟಿರಿ. ಆದರೆ ತಂಡ ಸದಾ ಮುನ್ನುಗ್ಗಿ ಆಡಬೇಕೆಂಬುದು ನಿಮ್ಮ ಹಟ, ಡಿಫೆನ್ಸ್ ಗಟ್ಟಿಯಾಗಬೇಕೆಂಬುದು ಕ್ಲಬ್ಬಿನ ಅಧ್ಯಕ್ಷರ ಹಟ. ಕೊನೆಗೆ ಅವರು ಕೈಕುಲುಕಿ ನಿಮ್ಮನ್ನು ಕಳಿಸಿಬಿಟ್ಟರು. ಬೈದು ಕಳಿಸಿದ್ದರೆ ಇಷ್ಟು ನೋಯುತ್ತಿತ್ತೇ...

ಟೂರ್ನಮೆಂಟು ಅದೇ ಕ್ಲಬ್ಬಿನ ಮೈದಾನದಲ್ಲಿ. ಫೈನಲ್ಲಿನಲ್ಲಿ ನಮ್ಮ ಎದುರಾಳಿಯೂ ಅದೇ ಕ್ಲಬ್ಬು. ಹಿಂದಿನ ಆಟಗಳನ್ನೆಲ್ಲ ಬೇಲಿಯ ಹೊರಗೆ ನಿಂತೇ ನೋಡಿದ ನೀವು, ಫೈನಲ್ಲಿಗೆ ಕಾರಿನಿಂದ ಇಳಿಯಲೇ ಇಲ್ಲ. ನಾನು ಬಾಗಿಲು ತೆಗೆದು ಹೇಳಿದೆ, “ಅಂಕಲ್, ನೀವು ಒಳಗೆ ಬರದೇ ನಾನು ಶೂಸ್ ಹಾಕಲ್ಲ.” ಬರಿಗಾಲಲ್ಲಿ ನಿಂತವಳನ್ನು ನೋಡಿ ಗೊಣಗುತ್ತ ಇಳಿದಿರಿ.

ಆಟ ಮುಗಿಯುವ ಹೊತ್ತಿಗೂ ಸಮಸಮ. ಚೆಂಡು ನನ್ನ ಕಾಲಿಗೆ ಬಂದಾಗ ಎದುರಿಗೆ ಇಬ್ಬರಿದ್ದರು. ಎಡಕ್ಕೆ ಓಡುವವಳಂತೆ ಬಾಗಿ, ಖೋ-ಖೋದಲ್ಲಿ ಕಂಬ ಸುತ್ತುವ ಹಾಗೆ ಗಕ್ಕನೆ ತಿರುಗಿದೆ. ಗೋಲು! ಮೊಣಕಾಲನ್ನು ಮರೆತು ನೀವು ಓಡಿ ಬಂದದ್ದು ನೆನಪಿದೆಯೇ? ನನಗೆ ಗೋಲಿಗಿಂತ ಆ ಓಟವೇ ಚೆನ್ನಾಗಿ ನೆನಪಿದೆ.

ಕೋಲೂರಿಕೊಂಡು ಹಳೆಯ ಅಧ್ಯಕ್ಷರು ಬಂದು ನಿಮ್ಮ ಭಾಷೆಯಲ್ಲಿ ಏನೋ ಅಂದರು. ನೀವೂ ಏನೋ ಅಂದಿರಿ. ಮರುಕ್ಷಣ ಇಬ್ಬರೂ ತಬ್ಬಿಕೊಂಡು ನಗುತ್ತಿದ್ದಿರಿ. ನಿಮ್ಮ ಮನೆಯವರು ಇಲೋನಾ ಆಂಟಿ ನನಗೆ ಅರ್ಥ ಹೇಳಿದರು. “ಇನ್ನೂ ಡಿಫೆನ್ಸ್ ಕಲಿಸಿಲ್ವಲ್ಲೋ ನೀನು” ಎಂದು ಅವರು. “ಕಲಿಸೋದೂ ಇಲ್ಲ” ಎಂದು ನೀವು.

ಎರಡು ಚಳಿಗಾಲದ ನಂತರ ನೀವು ನಿದ್ದೆಯಲ್ಲೇ ಹೋದಿರಿ. ಅತ್ತೆವು, ನಿಜ. ಆದರೆ ನಿಮ್ಮನ್ನು ನೆನೆದು ಯಾರು ತಾನೇ ಬಹಳ ಹೊತ್ತು ಅಳಬಲ್ಲರು?

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಮದುವೆಯಾಗಿ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಗೆ ಬಂದಿದ್ದೇನೆ. ನಿಮ್ಮ ಹಳೆಯ ಕ್ಲಬ್ಬಿನವರು ಪುಟ್ಟ ಹುಡುಗಿಯರ ತಂಡಕ್ಕೆ ಕಲಿಸಲು ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಕಳೆದ ಭಾನುವಾರ ಮೊದಲ ಅಭ್ಯಾಸ. ಗೋಲ್‌ಪೋಸ್ಟಿನ ಬಲೆ ಕಟ್ಟುತ್ತಿದ್ದಾಗ ಹಿಂದಿನಿಂದ ಒಬ್ಬಳು “ಕೋಚ್!” ಎಂದು ಕೂಗಿದಳು. ನೀವೇ ಬಂದಿರೆಂದು ನಾನು ಸುತ್ತಲೂ ನೋಡಿದೆ. ಆಕೆ ಕರೆಯುತ್ತಿದ್ದದ್ದು ನನ್ನನ್ನು, ಅಂಕಲ್.

ನಿಮ್ಮ
ಗಿರಿಜಾ