ಮೊದಲ ನೀರು, ಎರಡನೆಯ ನೀರು

ಏಪ್ರಿಲ್ 4, ಬೆಳಿಗ್ಗೆ 6

ಮೂರನೇ ಹಂಡೆ ಒಲೆಯ ಮೇಲೆ. ಇಡೀ ನಾಬುಲ್ ಊರೇ ಕಿತ್ತಳೆ ಹೂವು ಭಟ್ಟಿ ಇಳಿಸುತ್ತಿದೆ. ಹಂಡೆಯಿಂದ ಇಳಿಯುವ ಘಮಘಮ ಮೊದಲ ನೀರು ಎಲ್ಲಿಗೆ ಮುಗಿಯಿತು, ಸಪ್ಪೆ ಎರಡನೆಯದು ಎಲ್ಲಿಂದ ಶುರು — ಮೂಸಿ ಹೇಳುವವಳು ನಾನು. ಅಮ್ಮ ಹೋದ ಮೇಲೆ ಈ ಕೆಲಸ ನನ್ನದು. ಉಳಿದೆಲ್ಲದಕ್ಕೂ ನಾನು ಮನೆಯ ಕಾಯಿಲೆಯವಳು. ಇದಕ್ಕೆ ಮಾತ್ರ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಏಪ್ರಿಲ್ 6, ಭಾನುವಾರ

ವಾಸನೆ ಜಾಸ್ತಿ. ಹೂವಿನದಷ್ಟೇ ಅಲ್ಲ — ತಾಮ್ರದ್ದು, ಒದ್ದೆ ಗೋಣಿಯದು, ಅಕ್ಕ ಮೊಂಜಿಯಾಳ ಬೆವರಿನದು. ಚಮಚ ತಟ್ಟೆಗೆ ತಾಗಿದರೆ ಹಲ್ಲು ಜುಂ ಅನ್ನುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡೆ.

ಇದೇನೆಂದು ಗೊತ್ತು. ನನ್ನ ಬೈಪೋಲಾರ್ ಕಾಯಿಲೆ ಉನ್ಮಾದದ ಕಡೆ ಏರುವಾಗ ಹೀಗೇ ಶುರು. ಹೇಳಿದರೆ ಡಾಕ್ಟರ್ ಮಾತ್ರೆ ಹೆಚ್ಚಿಸುತ್ತಾರೆ, ಮೂಗು ಸಾಯುತ್ತದೆ. ಹೇಳಲಿಲ್ಲ.

ಮೊಂಜಿಯಾ ಅಕ್ಕ: "ಏನೇ ಜಲೀಲಾ, ಒಬ್ಳೇ ನಾಲ್ಕಾಳ್ ಕೆಲ್ಸ ಮಾಡ್ತಿದೀಯಲ್ಲೇ! ದೃಷ್ಟಿ ತಾಗೀತು."

ಏಪ್ರಿಲ್ 7

ಹನ್ನೆರಡು ಬುಡ್ಡಿ ತುಂಬಿಸಿದೆ. ನಿದ್ದೆ ಬೇಕೆನಿಸುತ್ತಿಲ್ಲ. ಸುಸ್ತು ಮಾತ್ರ... ಮೂಳೆಯೊಳಗೆ.

ಏಪ್ರಿಲ್ 11, ಮಧ್ಯಾಹ್ನ

ಪಕ್ಕದ ಮನೆಯ ಲಾಲ್ಲಾ ಬೇಯಾ ನಾವು ಕೊಟ್ಟಿದ್ದ ಬುಡ್ಡಿ ವಾಪಸ್ ತಂದರು. "ಕಾಫಿಗೆ ನಾಲ್ಕು ಹನಿ ಹಾಕ್ದೆ. ಅಯ್ಯೋ, ಬಾವಿ ನೀರಿಗೂ ಇದಕ್ಕಿಂತ ವಾಸ್ನೆ ಇರುತ್ತಮ್ಮ!"

ಮೂಸಿದೆ. ನನಗೆ ಮೂಗು ಸೀಳುವಷ್ಟು ಘಾಟು. ಅಕ್ಕ ಮೂಸಿ, ಏನೂ ಇಲ್ಲವೆಂದು ತಲೆಯಾಡಿಸಿದಳು. ಒಂದೊಂದೇ ಬುಡ್ಡಿ ತೆರೆದು ನೋಡಿದೆವು. ಎರಡನೆಯದೂ ನನ್ನ ಮೂಗಿಗೆ ಘಮಘಮಿಸಿ, ಭಾನುವಾರದಿಂದ ಇಳಿದದ್ದನ್ನೆಲ್ಲ ಮೊದಲ ನೀರೆಂದೇ ಬೆರೆಸಿಬಿಟ್ಟಿದ್ದೇನೆ. ವರ್ಷದ ನೀರು ಹಾಳು.

"ತಪ್ಪಾಯ್ತಕ್ಕ. ಭಾನುವಾರವೇ ಗೊತ್ತಾಗಿತ್ತು ನಂಗೆ. ಹೇಳ್ಬೇಕಿತ್ತು."

ಅಕ್ಕ ಬಿರಡೆ ಒತ್ತುತ್ತಲೇ ಅಂದಳು, "ನಂಗೂ ಗೊತ್ತಿತ್ತು. ಕಿವೀಲಿ ಹತ್ತಿ ಕಂಡಾಗ್ಲೇ."

"ಮತ್ತೆ?"

"ಹೂವಿನ ಕಾಲ ಮುಗೀಲಿ ಅಂತ ಸುಮ್ನಿದ್ದೆ ಕಣೇ. ನೀನು ಹಂಗಿದ್ದಾಗ ಕೆಲ್ಸ ಬೇಗ ಬೇಗ..."

ಲಾಲ್ಲಾ ಬೇಯಾ ಮೆಲ್ಲಗೆ ಎದ್ದು ಹೋದರು.

ಏಪ್ರಿಲ್ 19

ಮಾತ್ರೆ ಹೆಚ್ಚಾಗಿ ಒಂದು ವಾರ. ಸದ್ದೆಲ್ಲ ದೂರ ಸರಿದಿದೆ. ಮೂಗೂ ಸತ್ತಿದೆ. ಅಕ್ಕನ ಮೇಲೆ ಸಿಟ್ಟು, ನನ್ನ ಮೇಲೂ. ಕೂಗಾಡಲು ತ್ರಾಣವಿಲ್ಲ.

ಕೊನೆಯ ಹೂವು ಇವತ್ತು. ಅಕ್ಕ ಲೋಟದಲ್ಲಿ ನೀರು ಹಿಡಿದು ತಂದಳು.

"ಇನ್ನೂ ಮೊದಲ್ನೇದಾ, ನೋಡೇ."

"ನಂಗೇನೂ ಬರ್ತಿಲ್ಲ ಕಣಕ್ಕ."

"ಗೊತ್ತು. ಆದ್ರೂ ನೋಡು."

ಮೂಸಿದೆ. ಏನೂ ಇಲ್ಲ. ಅಕ್ಕನ ಕಣ್ಣು ನನ್ನ ಮುಖದ ಮೇಲೇ. ಕ್ಷಮೆ ಕೇಳುತ್ತಿದ್ದಾಳೋ, ಮುಂದಿನ ವರ್ಷದ ಹೂವಿಗೆ ಈಗಲೇ ನನ್ನನ್ನು ಆಳಾಗಿ ಗೊತ್ತು ಮಾಡುತ್ತಿದ್ದಾಳೋ. ಕೇಳಿಯೇ ಬಿಡೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ, "ಮುಂದಿನ ವರ್ಷ ಹತ್ತಿ ಕಂಡ್ರೆ ಅವತ್ತೇ ಹೇಳ್ತೀನಿ ಕಣೇ" ಅಂದಳು.