ಆಲೂರಿಗೆ ಹೋಗಿ ಬಂದ ಭಾನುವಾರ

ಹೆಗ್ಗದ್ದೆ
೧೧ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಗಗನಾ,

ನನ್ನ ಕೈಬರಹ ಕಂಡು ನಿನಗೆ ಮೊದಲು ನಗು, ಆಮೇಲೆ ಗಾಬರಿ ಆದೀತು. ಗಾಬರಿಯಾಗಬೇಡ. ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ಇಂಚರ ಶಾಲೆಗೆ ಹೋಗಿದ್ದಾಳೆ, ಚಂದನ್ ಅಂಗನವಾಡಿಯಲ್ಲಿದ್ದಾನೆ. ನಾನು ಕಣದಲ್ಲಿ ಒಣಹಾಕಿದ ಕಾಫಿಯ ಪಕ್ಕ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೂತು ಎಂದರೆ ಪೂರ್ತಿ ಕೂತಿಲ್ಲ. ಎರಡು ಸಾಲು ಬರೆದು ಎದ್ದು ಕಾಫಿಗೆ ಕಾಲಾಡಿಸಿ ಬರುತ್ತೇನೆ. ಈಗೀಗ ಎಲ್ಲಿಯೂ ಕೂರಲಾಗುತ್ತಿಲ್ಲ.

ಭಾನುವಾರ ಸಂಜೆ ತರಬೇತಿ ಕೇಂದ್ರದವರು ನಿಮ್ಮ ಕೈಗೆ ಫೋನು ಕೊಡುವ ಚೂರು ಹೊತ್ತನ್ನು ಮಕ್ಕಳೇ ಮುಗಿಸಿಬಿಡುತ್ತಾರೆ. ಕೊನೆಗೆ ನನ್ನ ಕೈಗೆ ಬಂದಾಗ ‘ಎಲ್ಲ ಸರಿ ಐತೆ, ನೀನು ಹುಷಾರು’ ಎನ್ನುವುದಷ್ಟೇ ಉಳಿದಿರುತ್ತದೆ. ಮೊನ್ನೆ ಚಂದನ್ ‘ಅಮ್ಮಾ, ಆನೆ, ಆನೆ’ ಎಂದು ಕಿರುಚಿದ, ಇಂಚರ ‘ಆಲೂರಜ್ಜಿ ಮನೇಲಿ ಕಡುಬು ತಿಂದ್ವಿ’ ಎಂದಳು. ನೀನು ಖುಷಿಪಟ್ಟೆ. ಅವಳು ನಿನಗೆ ಹೇಳದೆ ಬಿಟ್ಟಿದ್ದನ್ನು ನಾನು ಬರೆಯಬೇಕಾಗಿದೆ.

ಮೊದಲು ನಮ್ಮಮ್ಮನ ವಿಷಯ. ಅಮ್ಮ ಮನೆಯಲ್ಲಿಲ್ಲ. ದೀಪಾವಳಿ ಕಳೆದ ಮೇಲೆ ದೋಣಿಗಲ್‌ಗೆ, ದೊಡ್ಡ ಮಗ ನಂಜುಂಡಣ್ಣನ ಮನೆಗೆ ಹೋದವಳು ವಾಪಸು ಬಂದಿಲ್ಲ. ನೀನು ಕೇಳಿದಾಗಲೆಲ್ಲ ತೋಟದ ಕಡೆ ಹೋಗಿದ್ದಾಳೆ ಎಂದೆನಲ್ಲ, ಅದು ಸುಳ್ಳು. ನಿನ್ನ ಫಾರೆಸ್ಟ್ ಗಾರ್ಡ್ ಕೆಲಸದ ವಿಷಯಕ್ಕೇ ಮಾತು ಬೆಳೆಯಿತು. ‘ಹೆಂಡ್ತೀನ ಆನೆ ಕಾಯಕ್ಕೆ ಕಳ್ಸಿ ನೀನಿಲ್ಲಿ ಜಡೆ ಹಾಕ್ತಾ ಕೂತಿದೀಯಲ್ಲೋ, ನೋಡ್ದೋರು ಏನಂದಾರು’ ಎಂದಳು. ನಾನು ಸುಮ್ಮನಿರಬೇಕಿತ್ತು. ‘ನೋಡ್ದೋರು ಬಂದು ಜಡೆ ಹಾಕ್ತಾರಾ?’ ಎಂದೆ. ನಮ್ಮಮ್ಮ ಬೆಟ್ಟಮ್ಮನ ಸ್ವಭಾವ ನಿನಗೆ ಗೊತ್ತಲ್ಲ. ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇ ಹೋದಳು. ನಂಜುಂಡಣ್ಣ ಫೋನು ಮಾಡಿ, ಸ್ವಲ್ಪ ದಿನ ಇರ್ಲಿ ಬಿಡೋ ಎಂದ.

ಅವತ್ತಿನಿಂದ ಮನೆಯಲ್ಲಿ ನಾವು ಮೂವರೇ. ಮೊದಮೊದಲು ಹುರುಪಿತ್ತು. ದಿನಾ ಜಡೆ ನಾನೇ ಹಾಕಿದೆ. ಎರಡು ಜಡೆ ಇವತ್ತಿಗೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಇಂಚರ ಶಾಲೆಯ ಹತ್ತಿರ ಇಳಿದ ಮೇಲೆ ಬಿಚ್ಚಿ ತಾನೇ ಕಟ್ಟಿಕೊಳ್ಳುತ್ತಾಳೆ, ನನಗೆ ಕಾಣದ ಹಾಗೆ. ಚಂದನ್‌ಗೆ ದೋಸೆಯ ಅಂಚು ಕಿತ್ತು ಕೊಡಬೇಕು, ಹಾಲಿನ ಕೆನೆ ತೆಗೆಯಬೇಕು, ಮಲಗುವಾಗ ನನ್ನ ಕಿವಿ ಹಿಡಿದುಕೊಂಡೇ ಮಲಗಬೇಕು. ಕಿವಿ ಬಿಡಿಸಿಕೊಂಡರೆ ಎಚ್ಚರವಾಗುತ್ತಾನೆ. ಅಷ್ಟರಲ್ಲಿ ಹಣ್ಣು ಕೆಂಪಾಗಿ ಕೊಯ್ಲು ಶುರುವಾಯಿತು. ಆಳುಗಳು ಬಂದು ತೋಟದಲ್ಲಿ ನಿಂತಿರುತ್ತಾರೆ, ನಾನಿಲ್ಲಿ ಒಂದು ಕಾಲಿನ ಸಾಕ್ಸ್ ಹುಡುಕುತ್ತಿರುತ್ತೇನೆ.

(ಈಗ ಕೋತಿಗಳು ಬಂದಿದ್ದವು. ಓಡಿಸಿ ಬಂದೆ.)

ಹೋದ ಗುರುವಾರ ಕೊಯ್ಲಿನ ಗಡಿಬಿಡಿಯಲ್ಲಿ ಚಂದನ್‌ನನ್ನು ಅಂಗನವಾಡಿಯಿಂದ ಕರೆತರುವುದೇ ಮರೆತುಹೋಯಿತು. ನೆನಪಾಗಿ ಓಡಿದರೆ ಎಲ್ಲ ಮಕ್ಕಳೂ ಹೋಗಿಯಾಗಿತ್ತು. ಟೀಚರ್ ದ್ರಾಕ್ಷಾಯಣಿಯವರು ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಬೈಯಲಿಲ್ಲ. ‘ಅತ್ತೂ ಅತ್ತೂ ಈಗ ಮಲ್ಗದ ಕಣ್ರೀ’ ಎಂದರು. ಆ ಸಂಜೆ ನಾನು ನಿಮ್ಮಮ್ಮನಿಗೆ ಫೋನು ಮಾಡಿ, ನಿನ್ನ ತರಬೇತಿ ಮುಗಿಯುವವರೆಗೆ ಮಕ್ಕಳನ್ನು ಆಲೂರಿನಲ್ಲಿ ಬಿಡುತ್ತೇನೆ, ಅಲ್ಲೇ ಶಾಲೆಗೆ ಸೇರಿಸೋಣ ಎಂದೆ. ಅತ್ತೆ ಒಪ್ಪಿದರು. ‘ಗಗನನ್ನ ಕೇಳಿದ್ಯೇನಪ್ಪ?’ ಎಂದರು. ಕೇಳಿದ್ದೀನಿ ಎಂದೆ. ಕೇಳಿರಲಿಲ್ಲ. ಕೇಳಿದ್ದರೆ ನೀನು ತರಬೇತಿ ಬಿಟ್ಟು ಬರುತ್ತಿದ್ದೆ. ಹಾಗೆಂದು ನಾನು ನನಗೇ ಹೇಳಿಕೊಂಡೆ. ನೀನು ಬೇಡ ಎಂದರೆ ಇನ್ನೊಂದು ದಾರಿ ಇಲ್ಲವಲ್ಲ ಎಂಬ ಭಯವೂ ಇತ್ತು. ಯಾವುದು ಹೆಚ್ಚು ಎಂದು ಈಗ ಹೇಳಲಾರೆ.

ಮಕ್ಕಳಿಗೆ ಹೇಳುವ ಧೈರ್ಯವಾಗಲಿಲ್ಲ. ಭಾನುವಾರ ಬೆಳಿಗ್ಗೆ, ಅವರು ಏಳುವ ಮುಂಚೆಯೇ ಬಟ್ಟೆ, ಯೂನಿಫಾರ್ಮ್, ಪುಸ್ತಕ ಎಲ್ಲ ದೊಡ್ಡ ಬ್ಯಾಗಿಗೆ ತುಂಬಿ ಓಮ್ನಿಯ ಹಿಂದುಗಡೆ ಗೋಣಿಚೀಲದ ಕೆಳಗೆ ಇಟ್ಟೆ. ‘ಕೋಟೆ ನೋಡಿ, ಅಜ್ಜಿ ಮನೆಗೆ ಹೋಗೋಣ’ ಎಂದೆ. ಚಂದನ್ ಚಡ್ಡಿಯನ್ನೂ ಹಾಕಿಕೊಳ್ಳದೆ ಗಾಡಿ ಹತ್ತಿದ.

ಮಂಜರಾಬಾದ್ ಕೋಟೆಯ ಮೆಟ್ಟಿಲನ್ನು ಇಬ್ಬರೂ ಓಡಿಕೊಂಡೇ ಹತ್ತಿದರು. ಗೋಡೆಯ ಕಿಂಡಿಗಳಿಗೆಲ್ಲ ಮುಖ ತೂರಿಸಿ ಚಂದನ್ ಘಾಟಿ ರಸ್ತೆಯ ಲಾರಿಗಳಿಗೆ ಟಾಟಾ ಮಾಡಿದ. ಇಂಚರ ಮಧ್ಯದ ಕೊಳದ ಸುತ್ತ ಒಂದೇ ಕಾಲಲ್ಲಿ ಕುಂಟಿದಳು. ಬಿಸಿಲು ಚೆನ್ನಾಗಿತ್ತು. ಆದರೆ ನನಗೆ ನೋಡಲು ಆಗುತ್ತಿರಲಿಲ್ಲ. ಸುಮ್ಮನೆ ಗಡಿಯಾರ ನೋಡುವುದು, ಗಾಡಿಯ ಕೀ ಜೇಬಲ್ಲಿದೆಯಾ ಎಂದು ಮುಟ್ಟಿಕೊಳ್ಳುವುದು. ಅವರು ಕೇಳಿದ್ದೆಲ್ಲ ಕೊಡಿಸಿದೆ. ಚುರುಮುರಿ, ಐಸ್‌ಕ್ರೀಮು, ಬಾಳ್ಳುಪೇಟೆಯಲ್ಲಿ ಚಂದನ್‌ಗೊಂದು ಪ್ಲಾಸ್ಟಿಕ್ ಜೆಸಿಬಿ, ಇಂಚರಳಿಗೆ ಮಿನುಗುವ ಚಪ್ಪಲಿ. ಒಂದಕ್ಕೂ ಬೇಡ ಎನ್ನಲಿಲ್ಲ. ಇಂಚರಳಿಗೆ ಅನುಮಾನ ಬಂದದ್ದು ಅಲ್ಲೇ ಇರಬೇಕು. ಚಪ್ಪಲಿ ಹಾಕಿಕೊಂಡು, ‘ಇವತ್ತು ಯಾರ್ ಹುಟ್ಟುಹಬ್ಬ ಅಪ್ಪ?’ ಎಂದಳು.

ಹೆದ್ದಾರಿ ಬಿಟ್ಟು ಆಲೂರಿನ ಒಳದಾರಿಗೆ ತಿರುಗಿದ ಸ್ವಲ್ಪ ಹೊತ್ತಿಗೆ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಪಕ್ಕದ ಎಸ್ಟೇಟಿನಿಂದ ಆನೆಗಳು ರಸ್ತೆ ದಾಟುತ್ತವೆ, ಹಾರನ್ ಮಾಡಬೇಡಿ ಎಂದು ಫಾರೆಸ್ಟಿನವರು ಹೇಳುತ್ತ ಬಂದರು. ನಾನು ಗಾಜು ಏರಿಸಿ ಚಂದನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಮುಂದೆ ರಸ್ತೆಯ ಮಧ್ಯೆ ಖಾಕಿ ಹಾಕಿದ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತಿದ್ದಳು, ಕೈಯಲ್ಲಿ ಒಂದು ಕೋಲು. ಚಂದನ್ ನನ್ನ ತೊಡೆಯ ಮೇಲಿಂದ ಎದ್ದು, ಗಾಜಿಗೆ ಎರಡೂ ಕೈ ಬಡಿದು ‘ಅಮ್ಮಾ! ಅಮ್ಮಾ!’ ಎಂದು ಕೂಗಿದ. ನಾನು ಅವನ ಬಾಯಿ ಮುಚ್ಚುವಷ್ಟರಲ್ಲಿ ಆಕೆ ತಿರುಗಿ ನೋಡಿದಳು. ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ನಕ್ಕು ಕೈ ಬೀಸಿದಳು. ಮುಖ ಕಂಡಿದ್ದೇ ಚಂದನ್ ನನ್ನ ಅಂಗಿಯೊಳಗೆ ತಲೆ ಹುದುಗಿಸಿಬಿಟ್ಟ. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಅಷ್ಟರಲ್ಲಿ ಆನೆಗಳು ಬಂದವು. ದೊಡ್ಡದೊಂದು ಮುಂದೆ, ಮರಿ ಮಧ್ಯೆ, ಮತ್ತೆ ದೊಡ್ಡವು. ಗಗನಾ, ಮಕ್ಕಳು ಆನೆ ನೋಡುತ್ತಿದ್ದರು, ನಾನು ಆ ಹೆಣ್ಣುಮಗಳನ್ನೇ ನೋಡುತ್ತಿದ್ದೆ. ನಾಳೆ ಅಲ್ಲಿ ನಿಲ್ಲುವವಳು ನೀನು. ನನಗೆ ಹೆಮ್ಮೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ನಾನು ಮಾಡಿದ್ದು, ಆಕೆಗೂ ಆನೆಗೂ ನಡುವೆ ಎಷ್ಟು ಮಾರು ದೂರ ಎಂದು ಎಣಿಸಿದ್ದು.

ಆನೆ ದಾಟಿದ ಮೇಲೂ ತುಂಬ ಹೊತ್ತು ಬಿಡಲಿಲ್ಲ. ಒಂದು ಹಿಂದೆ ಉಳಿದಿದೆಯಂತೆ. ಚಂದನ್ ನೀರು ಕೇಳಿದ. ಬಾಟಲಿ ಹುಡುಕಲು ಇಂಚರ ಹಿಂದಿನ ಸೀಟು ದಾಟಿ ಹೋದಳು. ಗೋಣಿಚೀಲ ಎಳೆದ ಸದ್ದು ಕೇಳಿಸಿತು, ಜಿಪ್ ಎಳೆದದ್ದೂ ಕೇಳಿಸಿತು. ನಾನು ತಿರುಗಲಿಲ್ಲ. ಆಮೇಲೆ ಅವಳು ಮೆಲ್ಲಗೆ ನನ್ನ ಸೀಟಿನ ಹಿಂದೆ ಬಂದು ನಿಂತು, ಚಂದನ್‌ಗೆ ಕೇಳಿಸಬಾರದೆಂದು ನನ್ನ ಕಿವಿಯಲ್ಲೇ ಕೇಳಿದಳು.

‘ಅಪ್ಪ, ನಮ್ಮನ್ನ ಅಜ್ಜಿ ಮನೇಲಿ ಬುಟ್ಟು ಹೋಗಕ್ಕೆ ಕರ್ಕೊಂಡ್ ಬಂದ್ಯಾ?’

ಸ್ವಲ್ಪ ದಿನ ಮಾತ್ರ ಕಣೇ ಎಂದೆ. ಅವಳು ತಮ್ಮನ ಕಡೆ ನೋಡಿದಳು. ನಂತರ ಹೇಳಿದಳು, ‘ನಾನು ಇರ್ತೀನಿ. ಇವನ್ನ ಬುಡಬ್ಯಾಡ. ಇವ್ನಿಗೆ ನಿನ್ ಕಿವಿ ಬೇಕು.’

ಏಳು ವರ್ಷದ ಹುಡುಗಿ, ಗಗನಾ. ನನ್ನ ಹತ್ತಿರ ಚೌಕಾಸಿಗೆ ನಿಂತಿದ್ದಳು. ಅವಳಿಗೆ ಏನು ಬೇಕು ಎಂದು ಅವಳು ಹೇಳಲೇ ಇಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಸಾಲು ಬಿಟ್ಟರು. ಹಿಂದಿನ ಗಾಡಿಯವನು ‘ಹೋಗು ಮಾರಾಯ’ ಎಂದು ಕೂಗಿದ. ವಾಪಸು ತಿರುಗಿಸಲು ಜಾಗವಿರಲಿಲ್ಲ, ಮುಂದಕ್ಕೇ ಹೋದೆ. ಜಾಗವಿದ್ದಿದ್ದರೆ ತಿರುಗಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಅತ್ತೆ ಕಡುಬು, ಕಾಳು ಸಾರು ಮಾಡಿ ಕಾಯುತ್ತಿದ್ದರು. ಮಕ್ಕಳಿಗೆಂದು ಹೊಸ ಚಾಪೆ, ಒಗೆದ ಕಂಬಳಿ ಬಿಸಿಲಿಗೆ ಹಾಕಿದ್ದರು. ನಾನು ಅದಕ್ಕೆ ಬೆನ್ನು ಹಾಕಿ ಊಟಕ್ಕೆ ಕೂತೆ. ಬಡಿಸುತ್ತ ಅತ್ತೆ, ಬ್ಯಾಗ್ ಒಳಗೆ ತರಲಿಲ್ಲವೇನಪ್ಪ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಇಂಚರ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: ‘ಉಂಡ್ಕೊಂಡು ಹೋಗಕ್ಕೆ ಬಂದಿದೀವಿ ಅಜ್ಜಿ. ನಾಳೆ ಸ್ಕೂಲ್ ಐತೆ.’

ಅತ್ತೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಇಷ್ಟೇ ಆದದ್ದು. ನಾನು ಮನಸ್ಸು ಬದಲಿಸಿದೆ ಎಂದು ಹೇಳಿಕೊಳ್ಳಲು ಬರುವುದಿಲ್ಲ. ಅವಳು ಬದಲಿಸಿದಳು, ನಾನು ತಲೆಯಾಡಿಸಿದೆ.

ಹೊರಡುವಾಗ ಅತ್ತೆ ಗಾಡಿಯವರೆಗೂ ಬಂದು ಕಿಟಕಿ ಹಿಡಿದು ನಿಂತರು. ‘ನೀನು ಗಗನನ್ನ ಕೇಳಿರ್ಲಿಲ್ಲ ಅಲ್ವಾ?’ ಎಂದರು. ಇಲ್ಲ ಎಂದೆ. ‘ನಾನೇನೂ ಹೇಳಲ್ಲ. ನೀನೇ ಹೇಳ್ಬೇಕು. ಮತ್ತೆ ನಿಂಗೆ ಆಗ್ದೇ ಇದ್ರೆ ನನ್ನ ಕರಿ, ನಾನೇ ಬತ್ತೀನಿ, ಮಕ್ಳುನ್ನ ಎತ್ತಿ ಎತ್ತಿ ಇಡಬ್ಯಾಡ’ ಎಂದರು. ಅವರನ್ನೇ ಬರಹೇಳಬಹುದು ಎಂದು ನನಗೆ ಯಾಕೆ ಹೊಳೆಯಲಿಲ್ಲವೋ. ಬಾಳ್ಳುಪೇಟೆ ದಾಟುವಾಗ ನಿನ್ನ ಫೋನು ಬಂತು. ಮಿಕ್ಕಿದ್ದು ನಿನಗೆ ಗೊತ್ತು.

ಈ ಶನಿವಾರ ಅತ್ತೆ ಬರುತ್ತಾರೆ, ಕೊಯ್ಲು ಮುಗಿಯುವವರೆಗೆ ಇರುತ್ತಾರೆ. ನಿನ್ನೆ ದೋಣಿಗಲ್‌ಗೂ ಹೋಗಿದ್ದೆ. ಅಮ್ಮ ಮುಖ ಕೊಟ್ಟು ಮಾತಾಡಲಿಲ್ಲ, ಆದರೆ ಚಂದನ್‌ಗೆ ಎಂದು ಕೋಡುಬಳೆ ಕಟ್ಟಿ ಕೊಟ್ಟಳು. ಕೊಯ್ಲು ಹಿಂದೆ ಬಿದ್ದಿದೆ. ಒಂದಷ್ಟು ಹಣ್ಣು ಗಿಡದಲ್ಲೇ ಒಣಗುತ್ತದೆ. ಒಣಗಲಿ.

ಬಂದುಬಿಡು ಎಂದು ಬರೆಯಬಾರದು ಎಂದು ಬೆಳಿಗ್ಗೆಯಿಂದ ಹಲ್ಲು ಕಚ್ಚಿದ್ದೇನೆ, ಬರೆಯುವುದಿಲ್ಲ. ಯುಗಾದಿಯ ಹೊತ್ತಿಗೆ ಮುಗಿಸಿಯೇ ಬಾ. ಆದರೆ ಭಾನುವಾರ ಫೋನು ಸಿಕ್ಕಾಗ ಮೊದಲು ನನ್ನ ಹತ್ತಿರ ಮಾತಾಡು. ಬೈಯುವುದಿದ್ದರೆ ಆಗಲೇ ಬೈದುಬಿಡು, ಮಕ್ಕಳು ಕೇಳಿಸಿಕೊಳ್ಳುವ ಮುಂಚೆ. ಇಂಚರಳ ಹತ್ತಿರ ಇದನ್ನು ಕೇಳಬೇಡ. ಕೇಳಿದರೂ ಅವಳು ನನ್ನ ಪರವಾಗಿ ಸುಳ್ಳು ಹೇಳುತ್ತಾಳೆ, ಅದನ್ನು ನನ್ನಿಂದ ಕೇಳಲಾಗುವುದಿಲ್ಲ.

ಅಂಗನವಾಡಿ ಬಿಡುವ ಹೊತ್ತಾಯಿತು. ಹೊರಟೆ.

ನಿನ್ನ,
ಲೋಹಿತ್

ತಾ.ಕ.: ನಿನ್ನೆ ಪೋಸ್ಟ್ ಮಾಡಲಾಗಲಿಲ್ಲ. ಇವತ್ತು ಬೆಳಿಗ್ಗೆ ಗಾಡಿ ತೆಗೆದರೆ ಇಂಚರ ಹತ್ತದೆ ಅಂಗಳದಲ್ಲೇ ನಿಂತಳು. ಯೂನಿಫಾರ್ಮ್ ಹಾಕಿದ್ದಾಳೆ, ಬೆನ್ನಿಗೆ ಶಾಲೆಯ ಬ್ಯಾಗ್ ಇದೆ, ದಿನಾ ಹೋಗುವ ದಾರಿ. ಆದರೂ ‘ಎಲ್ಲಿಗೆ ಅಪ್ಪ?’ ಎಂದು ಕೇಳಿದಳು. ಮೊದಲು ಯಾವತ್ತೂ ಕೇಳಿದವಳಲ್ಲ. ಸ್ಕೂಲಿಗೆ ಕಣೇ ಎಂದೆ. ‘ಸಂಜೆ ನೀನೇ ಬತ್ತೀಯಾ?’ ಎಂದಳು. ಬರ್ತೀನಿ ಎಂದ ಮೇಲೆ ತಮ್ಮನ ಕೈ ಹಿಡಿದುಕೊಂಡು ಹತ್ತಿದಳು.