ಇಬ್ಬರು ಮಕ್ಕಳ ನಡುವಿನ ಗೋಡೆ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ಶಾಲೆಯ ಹಾಲ್‌ನಲ್ಲಿ ಗೋಡೆ ಕಟ್ಟಲು ನಿನ್ನೆ ಸುಣ್ಣದ ಗೆರೆ ಎಳೆದಿದ್ದಾರೆ. ನಾಲ್ಕನೆಯಲ್ಲಿರುವ ನನ್ನ ದೊಡ್ಡ ಮಗಳು ಬಂದು ಹೇಳಿದಳು. ನಾಲ್ಕನೆಯ ತರಗತಿ ಆ ಕಡೆ, ಒಂದನೆಯದು ಈ ಕಡೆಯಂತೆ. ಎಲ್ಲ ತರಗತಿಗಳೂ ಒಂದೇ ಹಾಲ್‌ನಲ್ಲಿ ಕೂತರೆ ಗದ್ದಲದಲ್ಲಿ ಪಾಠ ತಲೆಗೆ ಹತ್ತುವುದಿಲ್ಲ ಎಂಬ ಪೋಷಕರ ದೂರು ಸುಳ್ಳೇನಲ್ಲ.

ತಾಯಿ ತೀರಿಕೊಂಡ ಮೇಲೆ, ಒಂದನೆಯಲ್ಲಿರುವ ನನ್ನ ಚಿಕ್ಕವಳು ಮನೆಯ ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳು ಇಷ್ಟ ಬಂದ ಕಡೆ ಕೂತು ಕಲಿಯಲಿ ಎಂದು ನೀವು ಬಿಟ್ಟಿದ್ದರಿಂದ ಅವಳು ಅಕ್ಕನ ಚಾಪೆಗೇ ಅಂಟಿಕೊಂಡಳು. ಅಕ್ಷರ ಕಲಿತದ್ದೂ ಅಲ್ಲೇ. ಕಳೆದ ವಾರ ಅಕ್ಕನ ಪಾಠವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳಂತೆ. "ಇನ್ನು ನಿನ್ನ ಬಾಯಿ ಮುಚ್ಚಿಸೋರು ಯಾರೇ!" ಎಂದು ದೊಡ್ಡವಳು ಮನೆಗೆ ಬಂದು ರೇಗಿಸಿದಳು.

ಬೆಳಿಗ್ಗೆ ಜಡೆ ಹಾಕುವಾಗ ಚಿಕ್ಕವಳು, "ಅಪ್ಪಾ, ಅಕ್ಕನೂ ಆ ಕಡೆ ಹೋಗ್ತಾಳಾ?" ಎಂದಳು.

"ಬರೀ ಗೋಡೆ ಕಣೇ ಪುಟ್ಟಿ, ಮನೆಗೆ ಒಟ್ಟಿಗೇ ಬರ್ತೀರಲ್ಲ" ಅಂದೆ. ಆಮೇಲೆ ನನ್ನ ಹತ್ತಿರವೂ ಅವಳು ಮಾತಾಡಿಲ್ಲ.

ಸಾಧ್ಯವಾದರೆ ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ. ಆಗದಿದ್ದರೆ ಅವಳಿಗೆ ನೀವೇ ತಿಳಿಸಿ ಹೇಳಿ, ನನ್ನ ಕೈಲಿ ಆಗಲಿಲ್ಲ. ಇಟ್ಟಿಗೆ ಬಂದು ಬಿದ್ದಿದೆ. ಸೋಮವಾರ ಗಾರೆ ಕೆಲಸದವರು ಬರುತ್ತಾರೆ.

ಇಂತಿ,
ಇಬ್ಬರ ತಂದೆ